ತುರ್ಕರ ರಾಜ್ಯದಲ್ಲಿ ಮೂರು ಮತದವರು: ಕತೆ ಯಾವುದು, ಲೆಕ್ಕ ಯಾವುದು?

(ಕಾರ್ಮಿಕರ ಭಾನುವಾರದ ಓದುಕೂಟದಲ್ಲಿ ಮಾಡಿದ ಭಾಷಣ)



ಪಕ್ಷದ ಕೆಲಸಕ್ಕೆ ಬರುವ ಮೊದಲು ನಾವು ಶಾಲೆಯಲ್ಲಿ ಮೇಷ್ಟರಾಗಿದ್ದೆವು. ಇತಿಹಾಸದ ಪಾಠದಲ್ಲಿ ಒಂದು ಮಾತನ್ನು ವರ್ಷ ವರ್ಷವೂ ಹುಡುಗರಿಂದ ಬಾಯಿಪಾಠ ಮಾಡಿಸಿದೆವು. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದರು, ವ್ಯಾಪಾರದ ದಾರಿ ಮುಚ್ಚಿದರು, ಆದಕಾರಣ ಯೂರೋಪಿನವರು ಇಂಡಿಯಾಕ್ಕೆ ಸಮುದ್ರಮಾರ್ಗ ಹುಡುಕಿದರು ಎಂಬುದೇ ಆ ಮಾತು. ಇದು ಸರಿಯೋ ತಪ್ಪೋ ಎಂದು ನಾವೂ ಕೇಳಿಕೊಳ್ಳಲಿಲ್ಲ, ಹುಡುಗರೂ ಕೇಳಲಿಲ್ಲ.

ಇಲ್ಲಿ ಕಿರಾಣಿ ಅಂಗಡಿಯವರು ಕೂತಿದ್ದೀರಿ. ವ್ಯಾಪಾರದ ಲೆಕ್ಕ ನಿಮಗೆ ಗೊತ್ತು, ನೀವೇ ನೋಡಿ. ಮಲಬಾರಿನ ಮೆಣಸು ಯೂರೋಪಿಗೆ ಹೋಗುತ್ತಿದ್ದ ದೊಡ್ಡ ದಾರಿ ಕೆಂಪು ಸಮುದ್ರದ ಮೇಲೆ, ಈಜಿಪ್ಟಿನ ಮೂಲಕ. ಅಲ್ಲಿನ ಅಲೆಕ್ಸಾಂಡ್ರಿಯಾ ಬಂದರಿನಲ್ಲಿ ವೆನಿಸ್ ನಗರದ ವರ್ತಕರು ಅದನ್ನು ಕೊಳ್ಳುತ್ತಿದ್ದರು. ಆ ಈಜಿಪ್ಟು ತುರ್ಕಿ ಸುಲ್ತಾನನ ಕೈಗೆ ಬಂದದ್ದು 1517ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದು ಇಳಿದದ್ದು 1498ರಲ್ಲಿ, ಅಂದರೆ 19 ವರ್ಷ ಮುಂಚೆ. ತನ್ನದಲ್ಲದ ಮನೆಯ ಬಾಗಿಲನ್ನು ತುರ್ಕನು ಮುಚ್ಚಿದ್ದು ಹೇಗೆ? ಪೋರ್ಚುಗೀಸರು ಬಂದದ್ದು ಅಂಗಡಿ ಮುಚ್ಚಿತ್ತೆಂದಲ್ಲ. ನಡುವಿನ ದಲ್ಲಾಳಿಯ ಲಾಭವನ್ನು ತಾವೇ ನುಂಗಬೇಕೆಂದು. ಲೈಬಯರ್ ಎಂಬ ಅಮೆರಿಕದ ಇತಿಹಾಸಕಾರರು ಈ ತಪ್ಪನ್ನು 1915ರಲ್ಲೇ ಎತ್ತಿ ತೋರಿಸಿದರು. ನೂರು ವರ್ಷ ಕಳೆದ ಮೇಲೂ ಆ ಕತೆ ಮಕ್ಕಳ ಬಾಯಲ್ಲಿ ಉಳಿದಿದೆ.

ಏಕೆ ಉಳಿದಿದೆ? ತುರ್ಕನೆಂದರೆ ಬಾಗಿಲು ಮುಚ್ಚುವವನು, ಕತ್ತಿ ಹಿಡಿದವನು, ಅನ್ಯಮತದವರನ್ನು ಬದುಕಗೊಡದವನು ಎಂಬ ಚಿತ್ರವನ್ನು ಯೂರೋಪು ಬರೆದಿಟ್ಟಿತು. ಆ ಚಿತ್ರಕ್ಕೆ ಒಪ್ಪುವ ಮಾತಾದರೆ ಸಾಕು, ಲೆಕ್ಕ ತಾಳೆಯಾಗದಿದ್ದರೂ ನಡೆಯುತ್ತದೆ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ತಾನೇ?

ಈ ಕಾಮಾಲೆಗೆ ಒಂದು ಹೆಸರುಂಟು. ಜೆರೂಸಲೇಮಿನಲ್ಲಿ ಕ್ರೈಸ್ತ ಮನೆಯಲ್ಲಿ ಹುಟ್ಟಿದ ಪ್ಯಾಲೆಸ್ಟೈನಿನ ವಿದ್ವಾಂಸರಾದ ಎಡ್ವರ್ಡ್ ಸೈದ್ ಅವರು 1978ರಲ್ಲಿ ಒಂದು ಗ್ರಂಥ ಬರೆದು ಅದನ್ನು ‘ಓರಿಯೆಂಟಲಿಸಂ’ ಎಂದು ಕರೆದರು. ಕನ್ನಡದಲ್ಲಿ ಪೌರ್ವಾತ್ಯವಾದ ಎನ್ನೋಣ. ಅವರ ವಾದದ ತಿರುಳು ಇಷ್ಟೇ: ಇಂಗ್ಲಿಷ್ ಮತ್ತು ಫ್ರೆಂಚ್ ಪಂಡಿತರು ಪೂರ್ವದೇಶಗಳ ವಿಚಾರವಾಗಿ ಬರೆದದ್ದು ಬರಿಯ ವಿದ್ಯೆಯಲ್ಲ. ಪೂರ್ವದವನು ಎಂದೂ ಬದಲಾಗದವನು, ಮತವೇ ಅವನ ಬುದ್ಧಿ, ತನ್ನನ್ನು ತಾನು ಆಳಿಕೊಳ್ಳಲಾರ ಎಂದು ಮೊದಲು ಪುಸ್ತಕದಲ್ಲಿ ಬರೆದರು. ಬಳಿಕ ಸೈನ್ಯ ಕಳುಹಿಸಿದರು. ಪುಸ್ತಕವೂ ಬಂದೂಕೂ ಒಂದಕ್ಕೊಂದು ಆಸರೆಯಾದವು.

ಇದು ನಮಗೆ ಹೊಸ ಅನುಭವವಲ್ಲ. ಜೇಮ್ಸ್ ಮಿಲ್ ಎಂಬ ಗ್ರಂಥಕರ್ತ ಇಂಡಿಯಾದ ನೆಲ ತುಳಿಯದೆ, ಇಲ್ಲಿನ ಒಂದು ಭಾಷೆಯನ್ನೂ ಕಲಿಯದೆ, 1817ರಲ್ಲಿ ನಮ್ಮ ಚರಿತ್ರೆ ಬರೆದ. ಹಿಂದೂ ಕಾಲ, ಮುಸಲ್ಮಾನರ ಕಾಲ, ಬ್ರಿಟಿಷರ ಕಾಲ ಎಂದು ಮೂರು ಭಾಗ ಮಾಡಿದ. ಗಮನಿಸಿ: ಮೂರನೆಯದನ್ನು ಕ್ರೈಸ್ತರ ಕಾಲ ಎನ್ನಲಿಲ್ಲ! ಮತವೆಲ್ಲ ನಮ್ಮ ಪಾಲಿಗೆ, ಆಡಳಿತವೆಲ್ಲ ಅವರ ಪಾಲಿಗೆ. ತುರ್ಕಸ್ಥಾನಕ್ಕೂ ಇದೇ ಅಳತೆಗೋಲು ಹಿಡಿದರು.

ಹಾಗಾದರೆ ಸುಲ್ತಾನರ ರಾಜ್ಯದಲ್ಲಿ ನಿಜವಾಗಿ ನಡೆದದ್ದೇನು?

ಆ ರಾಜ್ಯ ಆರು ನೂರು ವರ್ಷ ನಡೆಯಿತು. ಬಾಲ್ಕನ್ ಬೆಟ್ಟಗಳಿಂದ ಬಾಗ್ದಾದಿನವರೆಗೆ ಹಬ್ಬಿತ್ತು. ಗ್ರೀಕರು, ಅರ್ಮೇನಿಯದವರು, ಬಲ್ಗೇರಿಯದವರು, ಅರಬರು, ಕುರ್ದರು, ಯಹೂದಿಗಳು ಅದರಲ್ಲಿದ್ದರು. 1453ರಲ್ಲಿ ನಗರ ಹಿಡಿದ ಎರಡನೆಯ ಮಹಮ್ಮದ್ ಸುಲ್ತಾನ ಅಲ್ಲಿನ ಮಹಾದೇವಾಲಯವನ್ನು ಮಸೀದಿ ಮಾಡಿದ, ನಿಜ. ಮರು ವರ್ಷವೇ ಗ್ರೀಕ್ ಕ್ರೈಸ್ತರಿಗೆ ಗೆನ್ನಾದಿಯೋಸ್ ಎಂಬ ಧರ್ಮಗುರುವನ್ನು ಪೀಠದ ಮೇಲೆ ಕೂರಿಸಿದನೆಂಬುದೂ ನಿಜ. 1492ರಲ್ಲಿ ಸ್ಪೇನಿನ ಕ್ರೈಸ್ತ ದೊರೆಗಳು ಯಹೂದಿಗಳಿಗೆ, ಮತ ಬಿಡಿ ಇಲ್ಲವೆ ದೇಶ ಬಿಡಿ ಎಂದರು. ಊರು ಬಿಟ್ಟವರಲ್ಲಿ ಬಹು ಮಂದಿಗೆ ಆಶ್ರಯ ಕೊಟ್ಟವನು ತುರ್ಕಿ ಸುಲ್ತಾನ ಎರಡನೆಯ ಬಯಜೀದ್. ಅವರು ಸಲೋನಿಕ ಎಂಬ ಬಂದರಿನಲ್ಲಿ ನೆಲೆಸಿ ಉಣ್ಣೆ ನೇಯ್ದರು. ಮುಂದೆ ಆ ಊರಿನಲ್ಲಿ ಅವರದೇ ದೊಡ್ಡ ಸಂಖ್ಯೆಯಾಯಿತು.

ಪೇಟೆಯಲ್ಲಿ ಕಸುಬಿಗೊಂದು ಪಂಚಾಯಿತಿ ಇತ್ತು, ‘ಎಸ್ನಾಫ್’ ಎನ್ನುತ್ತಿದ್ದರು. ಅನೇಕ ಊರುಗಳಲ್ಲಿ ಒಂದೇ ಕಸುಬಿನ ಕೂಟದಲ್ಲಿ ಮುಸಲ್ಮಾನನೂ ಕ್ರೈಸ್ತನೂ ಯಹೂದಿಯೂ ಇದ್ದರು. ದರ, ಕಚ್ಚಾಮಾಲು, ಶಿಷ್ಯರ ಲೆಕ್ಕ ಒಟ್ಟಿಗೆ ಕೂತು ತೀರ್ಮಾನಿಸುತ್ತಿದ್ದರು. ಕಾಜಿಯ ಕಚೇರಿಯ ಹಳೆಯ ದಫ್ತರಗಳು ಇಂದಿಗೂ ಉಳಿದಿವೆ. ಅನಾತೋಲಿಯ, ದಮಾಸ್ಕಸ್, ಜೆರೂಸಲೇಮುಗಳ ದಫ್ತರಗಳನ್ನು ವಿದ್ವಾಂಸರು ಬಿಚ್ಚಿ ಓದಿದಾಗ ಕಂಡದ್ದೇನು? ತಮ್ಮದೇ ಮತದ ನ್ಯಾಯಸ್ಥಾನವಿದ್ದರೂ ಕ್ರೈಸ್ತರೂ ಯಹೂದಿಗಳೂ ಕಾಜಿಯ ಬಳಿ ಹೋಗುತ್ತಿದ್ದರು. ಸಾಲ, ಮನೆ ಮಾರಾಟ, ಆಸ್ತಿಯ ಪಾಲು, ಮದುವೆಯ ವ್ಯಾಜ್ಯ, ಎಲ್ಲಕ್ಕೂ. ಪೌರ್ವಾತ್ಯ ಪಂಡಿತರು ಬಹುಕಾಲ ಧರ್ಮಶಾಸ್ತ್ರದ ಗ್ರಂಥ ಓದಿ ಜನಜೀವನ ಬರೆದರು. ದಫ್ತರ ಓದಿದವರಿಗೆ ಬೇರೆಯೇ ಜನ ಕಂಡರು.

ಇಷ್ಟು ಹೇಳಿ ನಿಲ್ಲಿಸಿದರೆ ಚಪ್ಪಾಳೆ ಬಿದ್ದೀತು. ಆದರೆ ಅದೂ ಅರ್ಧ ಸುಳ್ಳೇ ಆದೀತು. ಯೂರೋಪಿನ ನಿಂದೆಗೆ ಉತ್ತರವೆಂದು ಕೆಲವರು ಇನ್ನೊಂದು ಕತೆ ಕಟ್ಟಿದ್ದಾರೆ: ಸುಲ್ತಾನರ ಕಾಲ ರಾಮರಾಜ್ಯ, ಎಲ್ಲರೂ ಅಣ್ಣತಮ್ಮಂದಿರು ಎಂದು. ನಾವು ದುಡಿಯುವ ಜನ. ಯಜಮಾನನ ದಯೆಯ ಕತೆ ಕೇಳಿದಾಗಲೆಲ್ಲ ಲೆಕ್ಕದ ಪುಸ್ತಕ ಕೇಳಬೇಕು.

ಕ್ರೈಸ್ತನೂ ಯಹೂದಿಯೂ ಜಿಜಿಯ ಎಂಬ ತಲೆಗಂದಾಯ ಕೊಡಬೇಕಾಗಿತ್ತು. ಮುಸಲ್ಮಾನನ ವಿರುದ್ಧ ಅವರ ಸಾಕ್ಷ್ಯ ಕಾನೂನಿನ ಪ್ರಕಾರ ನಡೆಯುತ್ತಿರಲಿಲ್ಲ. ಹೊಸ ಚರ್ಚು ಕಟ್ಟಲು ಅಡ್ಡಿ, ತೊಡುವ ಬಟ್ಟೆಯ ಬಣ್ಣಕ್ಕೂ ಕಟ್ಟಳೆ. ಬಾಲ್ಕನ್ ಹಳ್ಳಿಗಳಿಂದ ಕ್ರೈಸ್ತ ಹುಡುಗರನ್ನು ಎತ್ತಿಕೊಂಡು ಹೋಗಿ ಮತ ಬದಲಿಸಿ ಸೈನ್ಯಕ್ಕೂ ಅರಮನೆಗೂ ಸೇರಿಸುತ್ತಿದ್ದರು. ಅವರಲ್ಲಿ ಕೆಲವರು ಪ್ರಧಾನಮಂತ್ರಿಗಳಾದರು. ಮಹಾಶಿಲ್ಪಿ ಸಿನಾನ್ ಆ ದಾರಿಯಲ್ಲೇ ಬಂದವನು. ಆದರೆ ಮಗನನ್ನು ಕಳೆದುಕೊಂಡ ತಾಯಿಗೆ ಇದು ಸಮಾಧಾನವಾದೀತೇ? ಕ್ರೈಸ್ತ, ಯಹೂದಿಗಳಿಗಾದರೂ ಕಾನೂನಿನಲ್ಲಿ ಒಂದು ಜಾಗವಿತ್ತು. ಮುಸಲ್ಮಾನರಲ್ಲೇ ಬೇರೆ ಪಂಥ ಹಿಡಿದ ಕಿಜಿಲ್‌ಬಾಷರಿಗೆ ಅದೂ ಇರಲಿಲ್ಲ. 16ನೆಯ ಶತಮಾನದಲ್ಲಿ ಸುಲ್ತಾನರು ಅವರನ್ನು ಬೆನ್ನಟ್ಟಿ ಹಿಂಸಿಸಿದರು.

ಆದ್ದರಿಂದ ನಾವು ಹೀಗೆ ಹೇಳುತ್ತೇವೆ: ಅದು ಸಹಬಾಳ್ವೆ ಹೌದು, ಸಮಬಾಳ್ವೆಯಲ್ಲ. ಮೇಲಿದ್ದವನು ಕೆಳಗಿದ್ದವನನ್ನು ಸಹಿಸಿಕೊಂಡ. ಕೆಳಗಿದ್ದವನು ಕಂದಾಯ ಕೊಟ್ಟು ಬದುಕಿಕೊಂಡ. ಆ ಕಾಲದ ಯೂರೋಪು ಇಷ್ಟನ್ನೂ ಮಾಡಲಿಲ್ಲ ಎಂಬುದು ಸುಲ್ತಾನನಿಗೆ ಸಲ್ಲಬೇಕಾದ ಮಾತು. ಆದರೆ ಇಂದು ಯಾರಾದರೂ ನಮಗೆ ಅಷ್ಟೇ ಸಾಕು ಎಂದರೆ ಒಪ್ಪಲಾಗದು.

ಇನ್ನೊಂದು ಪ್ರಶ್ನೆ ಬಾಕಿ ಇದೆ. ಇಷ್ಟು ಕಾಲ ಹೇಗೋ ಕೂಡಿ ಬಾಳಿದವರು 19ನೆಯ ಶತಮಾನದಲ್ಲಿ ಕತ್ತಿ ಹಿರಿದದ್ದೇಕೆ? ಪಾಶ್ಚಾತ್ಯ ಪತ್ರಿಕೆಗಳ ಉತ್ತರ ಸಿದ್ಧವಾಗಿತ್ತು: ಅದು ಅವರ ರಕ್ತದಲ್ಲೇ ಇದೆ, ಸಾವಿರ ವರ್ಷದ ದ್ವೇಷ. ನಮ್ಮ ಉತ್ತರ ಬೇರೆ.

1838ರಲ್ಲಿ ಇಂಗ್ಲೆಂಡು ಸುಲ್ತಾನನಿಂದ ಒಂದು ವ್ಯಾಪಾರದ ಒಪ್ಪಂದ ಬರೆಸಿಕೊಂಡಿತು. ಇಂಗ್ಲಿಷ್ ಸರಕು ಶೇಕಡ 5ರ ಸುಂಕ ಕೊಟ್ಟು ದೇಶದೊಳಗೆ ಎಲ್ಲಿಗೆ ಬೇಕಾದರೂ ಹೋಗಬಹುದು. ಊರಿನ ವ್ಯಾಪಾರಿಯೋ ಹಾದಿಹಾದಿಗೆ ಒಳಸುಂಕ ಕೊಡುತ್ತಲೇ ಇರಬೇಕು. ಮ್ಯಾಂಚೆಸ್ಟರಿನ ನೂಲು, ಬಟ್ಟೆ ನುಗ್ಗಿದವು. ಎಷ್ಟೋ ಊರುಗಳಲ್ಲಿ ಮಗ್ಗಗಳು ನಿಂತವು. ನಮ್ಮ ನೇಕಾರರಿಗೆ ಬಂದ ಗತಿಯನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇದರ ಮೇಲೆ ಯೂರೋಪಿನ ರಾಯಭಾರಿಗಳು ತಮಗೆ ಬೇಕಾದ ಕ್ರೈಸ್ತ, ಯಹೂದಿ ವರ್ತಕರಿಗೆ ರಕ್ಷಣಾಪತ್ರ ಕೊಟ್ಟು ತೆರಿಗೆಯಲ್ಲಿ ವಿನಾಯಿತಿ ಕೊಡಿಸಿದ್ದರು. ಪಕ್ಕದ ಅಂಗಡಿಯ ಮುಸಲ್ಮಾನನಿಗೆ ಆ ವಿನಾಯಿತಿ ಇಲ್ಲ. ಹೊಟ್ಟೆಯ ಸಂಕಟ ಮತದ ಸಿಟ್ಟಾಗಲು ಇನ್ನೇನು ಬೇಕು? ಸುಲ್ತಾನನ ಸರ್ಕಾರ 1839ರಲ್ಲೂ 1856ರಲ್ಲೂ ಎಲ್ಲ ಪ್ರಜೆಗಳೂ ಸಮಾನರೆಂದು ಫರ್ಮಾನು ಹೊರಡಿಸಿತು. ಕಾಗದದ ಮೇಲೆ ಸಮಾನತೆ ಬಂತು; ಪೇಟೆಯಲ್ಲಿ ಬರಲಿಲ್ಲ.

ಲೆಬನಾನ್ ಬೆಟ್ಟದ ಸಂಗತಿ ಕೇಳಿ. 1858-59ರಲ್ಲಿ ಕಿಸ್ರವಾನ್ ಸೀಮೆಯ ಕ್ರೈಸ್ತ ರೈತರು ತಾನ್ಯೂಸ್ ಶಾಹೀನ್ ಎಂಬ ಸಾಮಾನ್ಯ ಮನೆತನದವನ ಹಿಂದೆ ನಿಂತು ತಮ್ಮ ಜಮೀನುದಾರರನ್ನು ಓಡಿಸಿದರು. ಆ ಜಮೀನುದಾರರು ಯಾವ ಮತದವರು? ಅವರೂ ಅದೇ ಪಂಥದ ಕ್ರೈಸ್ತರೇ! ಇದು ಹೊಲದ ಜಗಳ, ಗೇಣಿಯ ಜಗಳ. ಎರಡೇ ವರ್ಷದೊಳಗೆ, 1860ರಲ್ಲಿ, ಆ ಕಿಚ್ಚು ಕ್ರೈಸ್ತರಿಗೂ ದ್ರೂಜರಿಗೂ ನಡುವಣ ಹತ್ಯಾಕಾಂಡವಾಯಿತು. ದಮಾಸ್ಕಸಿನಲ್ಲಿ ಸಾವಿರಾರು ಕ್ರೈಸ್ತರು ಸತ್ತರು. ಮತದ ಧಣಿಗಳು, ಸುಲ್ತಾನನ ಅಧಿಕಾರಿಗಳು, ಫ್ರಾನ್ಸ್, ಇಂಗ್ಲೆಂಡು, ಇವರೆಲ್ಲರ ಕೈವಾಡದಲ್ಲಿ ಗೇಣಿಯ ಪ್ರಶ್ನೆ ಮುಳುಗಿಹೋಯಿತು. ಉಸಾಮಾ ಮಕ್ದಿಸಿ ಎಂಬ ಅರಬ್ ಇತಿಹಾಸಕಾರರು 2000ದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿ, ಈ ಮತೀಯತೆ ಪುರಾತನ ರೋಗವಲ್ಲ, ಹೊಸ ಕಾಲದ ಕೂಸು ಎಂದು ತೋರಿಸಿದ್ದಾರೆ. ಅದೇ ದಮಾಸ್ಕಸಿನಲ್ಲಿ ಸಾವಿರಾರು ಕ್ರೈಸ್ತರನ್ನು ತನ್ನವರ ಕಾವಲಿನಲ್ಲಿ ಉಳಿಸಿದವನು ಅಬ್ದುಲ್ ಖಾದಿರ್. ಫ್ರೆಂಚರ ವಿರುದ್ಧ ವರ್ಷಗಟ್ಟಲೆ ಹೋರಾಡಿ ಸೋತು ದೇಶಭ್ರಷ್ಟನಾಗಿದ್ದ ಅಲ್ಜೀರಿಯದ ಮುಸಲ್ಮಾನ ಅಮೀರ ಅವನು. ಸಾವಿರ ವರ್ಷದ ದ್ವೇಷ ಅವನ ರಕ್ತದಲ್ಲಿ ಏಕಿರಲಿಲ್ಲ?

1876ರಲ್ಲಿ ತುರ್ಕಿ ಪಡೆಗಳು ಬಲ್ಗೇರಿಯದಲ್ಲಿ ಜನರನ್ನು ಕೊಂದವು. ಅದು ನಡೆದ ಘೋರ, ಮುಚ್ಚಿಡಬೇಕಿಲ್ಲ. ಇಂಗ್ಲೆಂಡಿನ ಗ್ಲ್ಯಾಡ್‌ಸ್ಟನ್ ಅದರ ಮೇಲೆ ಪುಸ್ತಿಕೆ ಬರೆದ; ಇಂಗ್ಲೆಂಡೆಲ್ಲ ಕಣ್ಣೀರಿಟ್ಟಿತು. ಅದೇ 1876ರಲ್ಲಿ ಮೈಸೂರು, ಬಳ್ಳಾರಿ, ಧಾರವಾಡ ಸೀಮೆಗಳಲ್ಲಿ ನಮ್ಮ ಅಜ್ಜಂದಿರು ಹೇಳುತ್ತಿದ್ದ ಧಾತು-ಈಶ್ವರದ ಬರ ಶುರುವಾಗಿತ್ತು. ಜನ ಹಾದಿಯಲ್ಲಿ ಬಿದ್ದು ಸಾಯುತ್ತಿದ್ದಾಗಲೂ ಇಂಡಿಯಾದ ಬಂದರುಗಳಿಂದ ಧಾನ್ಯ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ತುರ್ಕನ ಪಾಪ ತುರ್ಕನ ಮತದಿಂದ ಬಂತು. ಇಂಗ್ಲಿಷನ ಪಾಪ ಮಳೆಯಿಂದ ಬಂತು! ಪೌರ್ವಾತ್ಯವಾದದ ತಕ್ಕಡಿ ತೂಗುವುದು ಹೀಗೆ.

ಈಗ ನಮ್ಮ ವರ್ಗದವರ ಮಾತು. 1908ರಲ್ಲಿ ತರುಣ ತುರ್ಕರ ಕ್ರಾಂತಿಯಾದಾಗ ಸಾಮ್ರಾಜ್ಯದ ಉದ್ದಗಲಕ್ಕೂ ಮುಷ್ಕರಗಳು ಎದ್ದವು. ಸ್ವಾತಂತ್ರ್ಯ ತಂದೆವೆಂದ ಸರ್ಕಾರ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಮುಷ್ಕರಕ್ಕೆ ಲಗಾಮು ಹಾಕುವ ಕಾನೂನು. ಆಗ ಸಲೋನಿಕದಲ್ಲಿ ಆವ್ರಾಮ್ ಬೆನಾರೋಯಾ ಎಂಬ ಯಹೂದಿ ಸಮಾಜವಾದಿಯೂ ಅವನ ಸಂಗಾತಿಗಳೂ 1909ರಲ್ಲಿ ಕಾರ್ಮಿಕರ ಫೆಡರೇಷನ್ ಕಟ್ಟಿದರು. ಅವರ ಪತ್ರಿಕೆ ಎಷ್ಟು ಭಾಷೆಯಲ್ಲಿ ಹೊರಟಿತೆಂದು ಬಲ್ಲಿರಾ? ನಾಲ್ಕು! ಯಹೂದಿಗಳ ಲಾದಿನೋ, ತುರ್ಕಿ, ಬಲ್ಗೇರಿಯನ್, ಗ್ರೀಕ್. ಸಾವಿರಾರು ಕೆಲಸಗಾರರು ಆ ಕಾನೂನಿನ ವಿರುದ್ಧ ಬೀದಿಗಿಳಿದರು. ಸದಸ್ಯರಲ್ಲಿ ಹೆಚ್ಚಿನವರು ಯಹೂದಿಗಳೇ ಆಗಿದ್ದರು, ಬೇರೆಯವರನ್ನು ಸೆಳೆಯುವುದು ಕಷ್ಟವಾಯಿತು ಎಂಬುದನ್ನೂ ಹೇಳಬೇಕು. ಸರ್ಕಾರ ಬೆನಾರೋಯಾನನ್ನು ಹಿಡಿದು ಗಡೀಪಾರು ಮಾಡಿತು. ಆದಾಗ್ಯೂ ಒಂದು ಮಾತು ರುಜುವಾತಾಯಿತು. ಸುಲ್ತಾನನ ದಯೆಯೂ ಬೇಡ, ಯೂರೋಪಿನ ರಕ್ಷಣೆಯೂ ಬೇಡ. ಒಂದೇ ಕಾರ್ಖಾನೆಯ ಜನ ಒಂದೇ ಬೇಡಿಕೆಯ ಮೇಲೆ ಕೂಡಬಹುದು.

ಮುಂದಿನ ಕತೆ ದುಃಖದ್ದು. 1915ರಲ್ಲಿ ತರುಣ ತುರ್ಕರ ಸರ್ಕಾರ ಅರ್ಮೇನಿಯದವರ ಕುಲನಾಶಕ್ಕೆ ಕೈಹಾಕಿತು. ಸತ್ತವರು 10 ಲಕ್ಷದ ಆಸುಪಾಸು ಅಥವಾ ಅದಕ್ಕೂ ಹೆಚ್ಚೆಂದು ಬಹುಮಂದಿ ಇತಿಹಾಸಕಾರರ ಲೆಕ್ಕ. ಇದನ್ನು ಮರೆಸಿ ‘ಸಹಿಷ್ಣು ಸಾಮ್ರಾಜ್ಯ’ ಎನ್ನುವವರನ್ನು ನಂಬಬೇಡಿ. 1923ರಲ್ಲಿ ತುರ್ಕಿಯೂ ಗ್ರೀಸೂ ಜನರನ್ನು ಅದಲುಬದಲು ಮಾಡಿಕೊಂಡವು. ಸುಮಾರು 12 ಲಕ್ಷ ಕ್ರೈಸ್ತರು ಅತ್ತ, ಸುಮಾರು 4 ಲಕ್ಷ ಮುಸಲ್ಮಾನರು ಇತ್ತ. ಭಾಷೆ ಕೇಳಲಿಲ್ಲ, ಮತ ಮಾತ್ರ ಕೇಳಿದರು. ತುರ್ಕಿ ಬಿಟ್ಟು ಬೇರೆ ನುಡಿ ಬಾರದ ಕ್ರೈಸ್ತರೂ ‘ಸ್ವದೇಶ’ಕ್ಕೆ ಹೋಗಬೇಕಾಯಿತು. ಕೊನೆಗೆ 1943ರಲ್ಲಿ ಹಿಟ್ಲರನ ಜನ ಸಲೋನಿಕದ ಯಹೂದಿಗಳಲ್ಲಿ 40,000ಕ್ಕೂ ಹೆಚ್ಚು ಮಂದಿಯನ್ನು ರೈಲಿನಲ್ಲಿ ತುಂಬಿ ಔಷ್‌ವಿಟ್ಸಿಗೆ ಸಾಗಿಸಿದರು. ಸ್ಪೇನಿನ ಕ್ರೈಸ್ತ ದೊರೆಗಳಿಂದ ಉಳಿದು, ತುರ್ಕರ ಆಳಿಕೆಯಲ್ಲಿ ನಾನೂರು ವರ್ಷ ಬಾಳಿದವರು ಸತ್ತದ್ದು ‘ನಾಗರಿಕ’ ಯೂರೋಪಿನ ಕೈಯಲ್ಲಿ.

ಬಂಧುಗಳೇ, ದೂರದೇಶದ ಈ ಲೆಕ್ಕ ನಮಗೇಕೆ ಎಂದು ಕೇಳಬಹುದು. ಮೆಣಸಿನ ಕತೆಯಿಂದ ಆರಂಭಿಸಿದ್ದು ಅದಕ್ಕಾಗಿಯೇ. ಯಾರೋ ಕಟ್ಟಿದ ಕತೆಯನ್ನು ನಾವು ನಮ್ಮ ಮಕ್ಕಳಿಗೆ ಬಾಯಿಪಾಠ ಮಾಡಿಸಿದೆವು. ಆ ತಪ್ಪು ನಮ್ಮದೂ ಹೌದು. ಇನ್ನು ಮುಂದೆ ಯಾರಾದರೂ ಬಂದು, ಈ ಎರಡು ಮತದವರು ಎಂದೆಂದಿಗೂ ವೈರಿಗಳು ಎಂದರೆ ದಫ್ತರ ತೆರೆಯಿರಿ ಎನ್ನಿ. ಇನ್ನೊಬ್ಬ ಬಂದು, ಹಿಂದೆ ಎಲ್ಲ ಚೆನ್ನಾಗಿತ್ತು, ನಮ್ಮವರು ಅವರನ್ನು ಸಹಿಸಿಕೊಂಡಿದ್ದರು ಎಂದರೆ ಕಂದಾಯದ ಪಟ್ಟಿ ತೋರಿಸಿ ಎನ್ನಿ. ಸಹಿಸಿಕೊಳ್ಳುವುದು ಧಣಿಯ ಮಾತು. ಸಮಾನವಾಗಿ ಬಾಳುವುದು ನಮ್ಮ ಮಾತು. ಅದನ್ನು ಯಾವ ಸುಲ್ತಾನನೂ ಕೊಡಲಿಲ್ಲ, ಯಾವ ಗೋರಾ ಸರ್ಕಾರವೂ ತರಲಿಲ್ಲ. ನಾಲ್ಕು ಭಾಷೆಯಲ್ಲಿ ಒಂದು ಪತ್ರಿಕೆ ಹೊರಡಿಸಿದ ಆ ಬಡ ಕೆಲಸಗಾರರು ಅದಕ್ಕೆ ಮೊದಲ ಹೆಜ್ಜೆ ಇಟ್ಟರು. ಮುಂದಿನ ಹೆಜ್ಜೆ ಇಡಬೇಕಾದವರು ನಾವು.