ಕುಡಿತದ ಚಕ್ರಬಡ್ಡಿ



ನಾಡಹಬ್ಬದ ದಿನ ಈ ಮಾತೇಕೆಂದು ಕೇಳುವಿರಾದರೆ, ನಾವೆಲ್ಲ ಒಟ್ಟಿಗೆ ಸೇರುವುದೇ ಇಂದು. ಡೊಂಬಿವಲಿ, ಕಲ್ಯಾಣದ ಲೋಕಲಿನಲ್ಲಿ ದಣಿದು ಮರಳುವವರಿಗೆ ‘ಆಯಾಸಕ್ಕೆ ಒಂದಿಷ್ಟು’ ಎಂಬ ಮಾತು ಹೊಸದಲ್ಲ. ಬ್ಯಾಂಕಿನ ಗುಮಾಸ್ತರಾದ ನಮಗೆ ಅದು ಚಕ್ರಬಡ್ಡಿಯ ಸಾಲದಂತೆ ತೋರುತ್ತದೆ. ಈ ಚಟ ಬೆಳೆಯುವ ಹಂತಗಳನ್ನು 1952ರಲ್ಲಿ ಜೆಲಿನೆಕ್ ಎಂಬ ವಿದ್ವಾಂಸರು ವಿವರಿಸಿದರು. ಮೊದಮೊದಲು ಅದೇ ಅಮಲಿಗೆ ಹೆಚ್ಚು ಬೇಕು. ಆಮೇಲೆ ಕದ್ದು ಕುಡಿತ, ನಿನ್ನೆಯ ರಾತ್ರಿಯ ಮರೆವು. ಕಡೆಗೆ ಕೈನಡುಕ ನಿಲ್ಲಿಸಲು ಬೆಳಗ್ಗೆಯೇ ಬಾಟಲಿ. ‘ನಮ್ಮವರು ಎಷ್ಟು ಕುಡಿದರೂ ಗಟ್ಟಿ’ ಎನ್ನುವವರು ಗಮನಿಸಬೇಕು: ಆ ಗಟ್ಟಿತನವೇ ಮೊದಲ ಲಕ್ಷಣ.

ಊರಲ್ಲಾದರೆ ಸೋದರಮಾವ ಗದರುತ್ತಿದ್ದರು. ಇಲ್ಲಿ ಬಾಗಿಲು ಮುಚ್ಚಿದರೆ ಯಾರಿಗೂ ತಿಳಿಯದು. ಮನೆಯಾಕೆ ‘ಜ್ವರ’ವೆಂದು ಆಫೀಸಿಗೆ ಹೇಳುತ್ತಾಳೆ.

ಹಾಗೆಂದು ಕೋಣೆಯಲ್ಲಿ ಕೂಡಿಹಾಕಬಾರದು. ಬಹುಕಾಲ ವಿಪರೀತ ಕುಡಿದವನು ಥಟ್ಟನೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಸೆಳವು, ಸನ್ನಿ ಬಂದು ಪ್ರಾಣಕ್ಕೇ ಕುತ್ತಾಗಬಹುದು. ವೈದ್ಯರ ಕಣ್ಣೆದುರೇ ಬಿಡಿಸಬೇಕು. ಅವಚಟ ದಂಪತಿಗಳು 1986ರಲ್ಲಿ ತೆರೆದ ಮುಕ್ತಾಂಗಣ ಪುಣೆಯಲ್ಲಿದೆ. ಮುಂಬಯಿಯಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ಶುಲ್ಕವಿಲ್ಲದೆ ನಡೆಯುತ್ತವೆ. ಸರ್ಕಾರದ ಸಹಾಯವಾಣಿ 14446. ಒಬ್ಬರೇ ಹೋಗಲು ಅಂಜುವ ಮನೆಯವರು ಹೇಳಿಕಳುಹಿಸಿ, ಜೊತೆಗೆ ನಾವು ಬರುತ್ತೇವೆ.