ಲೆಕ್ಕ ಮೇಲಕ್ಕೆ ಏರಿಸುವಾಗ ಎಚ್ಚರ



ಬಿಡಿ ಪೈಸೆ, ಬಿಡಿ ಗ್ರಾಂ ಅಂತ ನಾವು ಲೆಕ್ಕದಲ್ಲಿ ಸದರ ಮಾಡುತ್ತೇವೆ. ಅದರಿಂದ ನಮಗೇ ಆದ ಪೇಚಾಟವನ್ನು ಮೊದಲು ಹೇಳುತ್ತೇವೆ.

ನಮ್ಮ ಸಂಘಕ್ಕೆ ಒಮ್ಮೆ 250 ಪ್ಯಾಕೆಟ್ ಹಪ್ಪಳದ ಆರ್ಡರ್ ಬಂತು. ಒಂದು ಪೆಟ್ಟಿಗೆಗೆ 24 ಪ್ಯಾಕೆಟ್ ಹಿಡಿಯುತ್ತದೆ. ಎಕ್ಸೆಲ್‌ನಲ್ಲಿ ಭಾಗಿಸಿದಾಗ 10.42 ಬಂತು. ದಶಾಂಶ ಬೇಡ ಅಂತ ತೆಗೆದೆವು, 10 ಅಂತ ತೋರಿಸಿತು. ಹತ್ತೇ ಪೆಟ್ಟಿಗೆ ತಂದೆವು. ಕಳಿಸುವ ದಿನ 10 ಪ್ಯಾಕೆಟ್ ಹೊರಗೇ ಉಳಿಯಿತು! ಒಂದು ಪೆಟ್ಟಿಗೆಗಾಗಿ ಆಟೋ ಮಾಡಿಕೊಂಡು ಪೇಟೆಗೆ ಓಡಿದ್ದಾಯಿತು.

ತಪ್ಪು ಕಂಪ್ಯೂಟರಿನದ್ದಲ್ಲ. ಸಾಮಾನ್ಯ ಲೆಕ್ಕದಲ್ಲಿ ಅರ್ಧಕ್ಕಿಂತ ಕಡಿಮೆ ಇದ್ದರೆ ಕೆಳಗಿನ ಅಂಕಿ ಬರುತ್ತದೆ. ಆದರೆ ಅಂಗಡಿಯವರು ಪೆಟ್ಟಿಗೆಯನ್ನು ತುಂಡು ಮಾಡಿ ಕೊಡುತ್ತಾರಾ? ಇಂಥ ಕಡೆ ರೌಂಡ್‌ಅಪ್ ಸೂತ್ರ ಬೇಕು. ಸಮ ಚಿಹ್ನೆ ಹಾಕಿ, ಇಂಗ್ಲಿಷಿನಲ್ಲಿ ಜಾಗ ಬಿಡದೆ ರೌಂಡ್‌ಅಪ್ ಅಂತ ಬರೆದು, ಆವರಣದೊಳಗೆ 250/24, ಕಾಮಾ, 0 ಕೊಡಿ. 11 ಬರುತ್ತದೆ.

ಬೆಲೆ ಕಟ್ಟುವಾಗ ಸೀಲಿಂಗ್ ಎಂಬ ಸೂತ್ರ ಉಪಯೋಗಕ್ಕೆ ಬರುತ್ತದೆ. ಖರ್ಚು, ಲಾಭ ಎಲ್ಲ ಸೇರಿ ಪ್ಯಾಕೆಟ್‌ಗೆ 32.40 ರೂಪಾಯಿ ಆಯಿತು ಅಂತಿಟ್ಟುಕೊಳ್ಳಿ. ಆವರಣದಲ್ಲಿ 32.40, ಕಾಮಾ, 5 ಕೊಟ್ಟರೆ ಐದರ ಲೆಕ್ಕದಲ್ಲಿ 35 ಆಗುತ್ತದೆ. ಚಿಲ್ಲರೆ ತಾಪತ್ರಯ ಇಲ್ಲ.

ಆದರೆ ಪ್ರತಿ ಸಾಲಿನಲ್ಲೂ ಏರಿಸಬೇಡಿ. ದಿನಕ್ಕೆ 2.2 ಕಿಲೋ ಉದ್ದಿನಂತೆ ಆರು ದಿನಕ್ಕೆ 13.2 ಕಿಲೋ. ಕೊನೆಯಲ್ಲಿ ಏರಿಸಿದರೆ 14 ಕಿಲೋ ಸಾಕು. ದಿನದಿನವೂ 3 ಅಂತ ಏರಿಸಿದರೆ 18 ಕಿಲೋ ಆಗುತ್ತದೆ. ನಾಲ್ಕು ಕಿಲೋ ಉದ್ದಿನ ದುಡ್ಡು ಸುಮ್ಮನೆ ಸಿಕ್ಕಿಹಾಕಿಕೊಂಡ ಹಾಗೆ.

ಇನ್ನು ಬಡ್ಡಿಯ ವಿಷಯ. 3,750 ರೂಪಾಯಿ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ 37.50. ಚಿಲ್ಲರೆ ಇಲ್ಲ ಅಂತ 38 ತಗೊಂಡ್ರೆ ಯಾರೂ ಬೇಡ ಅನ್ನಲ್ಲ. ಆದರೆ 20 ಸದಸ್ಯರಿಂದ ಹೀಗೆ ಐವತ್ತು ಪೈಸೆ ಹೆಚ್ಚು ತಗೊಂಡರೆ ತಿಂಗಳಿಗೆ 10, ವರ್ಷಕ್ಕೆ 120 ರೂಪಾಯಿ. ಆ ದುಡ್ಡು ಯಾರದ್ದು? ಯಾವ ಪುಸ್ತಕದಲ್ಲಿದೆ? ಇಂಥ ಪ್ರಶ್ನೆಯಿಂದಲೇ ಸಂಘದಲ್ಲಿ ಮನಸ್ಸು ಒಡೆಯುವುದು. ಆದ್ದರಿಂದ ಸದಸ್ಯರ ಉಳಿತಾಯ, ಬಡ್ಡಿ ಪೈಸೆ ಸಮೇತ ಬರೆಯಿರಿ. ಹೆಚ್ಚಿಗೆ ತಗೊಂಡದ್ದನ್ನು ಅವರ ಹೆಸರಿಗೇ ಜಮಾ ಮಾಡಿ, ಮುಂದಿನ ಕಂತಿಗೆ ಹಿಡಿಯಿರಿ.

ಮುಂದಿನ ಸಭೆಯಲ್ಲಿ ನಿಮ್ಮ ಸಂಘದ ಪುಸ್ತಕ ತೆಗೆದು, ಎಲ್ಲೆಲ್ಲಿ ಅಂಕಿ ಏರಿಸಿದ್ದೀರಿ ಅಂತ ಎಲ್ಲರೂ ಕೂತು ನೋಡಿ. ಬರೆಯುವ ಅಕ್ಕ ಒಬ್ಬಳ ಮೇಲೇ ಬಿಡಬೇಡಿ.