ಹೊಗೆಕೊಳವೆಯ ಗುಟ್ಟು

ನಮ್ಮ ಚಂದಗಡದ ಮಳೆಗಾಲದ ಕೆಂಪು ರಾಡಿಯಲ್ಲಿ ಹಳೆಯ ಯೆಜ್ಡಿ ಓಡಿಸಿದವರಿಗೆ ಅದರ ದನಿ ಮರೆಯುವುದಿಲ್ಲ. ನಿಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಅಂಥ ಫಟಫಟಿ ಇನ್ನೂ ನಿಂತಿದ್ದರೆ ಈ ಮಾತು ನಿಮಗಾಗಿ.

ಯೆಜ್ಡಿ ಮೈಸೂರಿನದು. ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಚೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ಕಟ್ಟಿತು. ಮುಂದೆ ಅದೇ ಗಾಡಿಗೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾದ ಒಡಹುಟ್ಟು ಸೀ-ಝಡ್. ಅದರ ಹೆಸರು ಮೋಟೋಕ್ರಾಸ್‌ನಲ್ಲಿ ದೊಡ್ಡದು. ನಮ್ಮ ಬಂಡಿ ಶರ್ಯತ್ತಿನಂತೆ ಅದಕ್ಕೂ ಡಾಂಬರು ಬೇಡ, ಹೊಲ, ಗುಡ್ಡ, ಕೆಸರು ಸಾಕು. 1964ರಲ್ಲಿ ಬೆಲ್ಜಿಯಂನ ಜೋಯೆಲ್ ರೋಬರ್ ಎಂಬ ಇಪ್ಪತ್ತು ವರ್ಷದ ಹುಡುಗ ಸೀ-ಝಡ್ ಮೇಲೆ 250 ಸಿಸಿ ಜಗತ್ಪಟ್ಟ ಗೆದ್ದ. 500 ಸಿಸಿ ವರ್ಗದಲ್ಲಿ ಆವರೆಗೆ ಭಾರದ ಫೋರ್ ಸ್ಟ್ರೋಕ್ ಗಾಡಿಗಳದೇ ರಾಜ್ಯ. 1966ರಲ್ಲಿ ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ 360 ಸಿಸಿಯ ಹಗುರ ಟೂ ಸ್ಟ್ರೋಕ್ ಸೀ-ಝಡ್ ತಂದು ಅವನ್ನು ಸೋಲಿಸಿದ, ಮೂರು ವರ್ಷ ಬಿಡದೆ.

ಇದು ಹೇಗಾಯಿತು? ಇಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಫೋರ್ ಸ್ಟ್ರೋಕಿನಂಥ ವಾಲ್ವ್ ಇಲ್ಲ. ಸುಟ್ಟ ಹೊಗೆ ಹೊರಗೆ ಹೋಗುವುದೂ ಹೊಸ ಪೆಟ್ರೋಲಿನ ಗಾಳಿ ಒಳಗೆ ಬರುವುದೂ ಹೆಚ್ಚುಕಡಿಮೆ ಒಟ್ಟಿಗೇ. ರಾಶಿ ತೂರುವಾಗ ಹೊಟ್ಟಿನ ಜೊತೆ ಕಾಳೂ ಹಾರಿದಂತೆ, ಹೊಗೆಯ ಜೊತೆ ಒಂದಿಷ್ಟು ಪೆಟ್ರೋಲೂ ಹೋಗುತ್ತದೆ. ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಇದಕ್ಕೆ ಉಪಾಯ ತಿದ್ದಿ ತಂದ: ಹೊಗೆಕೊಳವೆಯ ನಡು ಉಬ್ಬಿಸಿ, ತುದಿ ಕಿರಿದು ಮಾಡುವುದು. ಹೊಗೆಯ ಒತ್ತಡದ ಅಲೆ ಆ ಕಿರಿದು ತುದಿಗೆ ಬಡಿದು, ಎದುರು ಗುಡ್ಡದಿಂದ ಕೂಗು ಮರಳಿದಂತೆ ಹಿಂದಕ್ಕೆ ಬರುತ್ತದೆ. ತಪ್ಪಿಸಿಕೊಂಡ ಪೆಟ್ರೋಲನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಶರ್ಯತ್ತಿನ ಟೂ ಸ್ಟ್ರೋಕ್ ಗಾಡಿಗಳೆಲ್ಲ ಇದನ್ನೇ ಹಿಡಿದವು. 1978ರ ಯೆಜ್ಡಿ ರೋಡ್‌ಕಿಂಗ್ ಮೇಲೂ ಆ ಮೋಟೋಕ್ರಾಸ್ ಗಾಡಿಗಳ ನೆರಳಿದೆ. ರಸ್ತೆ ಗಾಡಿಯಲ್ಲಿ ಕೊಳವೆಯ ಲೆಕ್ಕ ಅಷ್ಟು ಬಿಗಿಯಲ್ಲ, ಆದರೆ ಲೆಕ್ಕ ಇದ್ದೇ ಇದೆ.

ಇದು ತಿಳಿಯದೆ ಹದಿನೆಂಟರ ಹುಮ್ಮಸ್ಸಿನಲ್ಲಿ ನಾನು ಸೈಲೆನ್ಸರಿನ ಒಳಕೊಳವೆ ಕಿತ್ತೆಸೆದೆ. ಊರೆಲ್ಲ ತಿರುಗಿ ನೋಡುವಂಥ ಸದ್ದು! ಮುಂದಿನ ವಾರವೇ ಜ್ವರ ಬಂದ ಅಪ್ಪನನ್ನು ಹಿಂದೆ ಕೂಡಿಸಿಕೊಂಡು ಬೆಳಗಾವಿಗೆ ಹೊರಟೆ. ಮಳೆ. ಏರಿನಲ್ಲಿ ಗಾಡಿ ಬೊಬ್ಬೆ ಹೊಡೆಯಿತೇ ಹೊರತು ಎಳೆಯಲಿಲ್ಲ. ಅಪ್ಪ ಇಳಿದು ನಡೆದರು. ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ನಾಟಿತು.

ನಿಮ್ಮ ಮಗ ಸ್ಪ್ಯಾನರ್ ಹಿಡಿದು ಸೈಲೆನ್ಸರಿನ ಬಳಿ ಕೂತರೆ ಈ ಕಥೆ ಹೇಳಿರಿ. ಒಳಕೊಳವೆಗೆ ಮಸಿ ಕಟ್ಟಿದ್ದರೆ ತೆಗೆಯಲಿ, ಉಜ್ಜಲಿ, ಮತ್ತೆ ಹಾಕಲಿ. ನನ್ನದು ಗುಜರಿ ಸೇರಿತ್ತು. ಬೇರೆಯದು ಹುಡುಕಿ ತರಲು ಮೂರು ವಾರ ಹಿಡಿಯಿತು.